ಭಾವನ ಖಾಲಿ ಫ್ಲಾಪಿಗಳು

ನಮ್ಮ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಹೆಸರುಗಳೆಂದರೇ ಆಗುತ್ತಿರಲಿಲ್ಲ. ತಮ್ಮ ಹೆಸರನ್ನೂ ಬ್ಯಾಂಕಿನವರು ಕೇಳಿದರಷ್ಟೇ ಹೇಳುತ್ತಿದ್ದರು! ತೀರಿಕೊಳ್ಳುವ ಹಿಂದಿನ ದಿನವೂ ರಿಪ್ಪನ್‌ಪೇಟೆಯ ಮನೆಯಲ್ಲಿ ಅದೇ ಜಗಳ. ಅಕ್ಕ ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿಸಿದ್ದಳು. ಭಾವ ಎಲ್ಲವನ್ನೂ ಕಿತ್ತುಹಾಕಿದ್ದರು.

"ಮೇಲಿನ ಸಾಲು, ಎಡದಿಂದ ಮೂರನೇದು ಸಕ್ಕರೆ. ಓದೋದು ಎಂತಕ್ಕೆ?"

ಅಕ್ಕ ಸದ್ದಿಲ್ಲದೆ ಡಬ್ಬಿಗಳನ್ನು ಅದಲುಬದಲು ಮಾಡಿದಳು. ಭಾವ ಉಪ್ಪಿನ ಕಾಫಿಯನ್ನು ಪೂರ್ತಿ ಕುಡಿದು, "ಜಾಗ ಸರಿಯಾಗೇ ಇತ್ತು" ಎಂದರು.

ಕಂಪ್ಯೂಟರಿನಲ್ಲೂ ಇದೇ ಹಟ. ನಾವೆಲ್ಲ ಬರೆದದ್ದಕ್ಕೊಂದು ಹೆಸರು ಕೊಡುತ್ತೇವೆ. ಎಲ್ಲಿಡಬೇಕೆಂದು ಯಂತ್ರ ನೋಡಿಕೊಳ್ಳುತ್ತದೆ. "ನಡುವೆ ದಲ್ಲಾಳಿ ಎಂತಕ್ಕೆ?" ಎನ್ನುತ್ತಿದ್ದರು ಭಾವ. ಫ್ಲಾಪಿಯೊಳಗೆ ಒಂದರೊಳಗೊಂದು ಬಳೆ ಇಟ್ಟಂತೆ ಸುತ್ತುಗಳು, ಒಂದೊಂದು ಸುತ್ತಿನಲ್ಲೂ ಪುಟ್ಟ ಹೋಳುಗಳು. ಇಂಥ ಸುತ್ತಿನ ಇಂಥ ಹೋಳಿನಲ್ಲಿ ಬರೆ ಎಂದು ನೇರವಾಗಿ ಡ್ರೈವಿಗೇ ಅಪ್ಪಣೆ ಕೊಡುವ ಪ್ರೋಗ್ರಾಮನ್ನು ತಾವೇ ಬರೆದುಕೊಂಡಿದ್ದರು. ಹೆಸರಿಲ್ಲ, ಪಟ್ಟಿಯಿಲ್ಲ. ನಂಬರುಗಳೆಲ್ಲ ತಲೆಯಲ್ಲಿ!

ನನ್ನ ಮದುವೆಯ ಲಗ್ನಪತ್ರಿಕೆಯನ್ನೂ ಹೀಗೇ ಬರೆದಿಟ್ಟರು. ಸಾಗರದ ಪ್ರೆಸ್ಸಿನವರು ಫ್ಲಾಪಿ ಹಾಕಿ ನೋಡಿ, "ಸಾರ್, ಇದು ಖಾಲಿ" ಎಂದರು.

"ಖಾಲಿ ಅಲ್ಲ. ನಿಮ್ ಕಂಪ್ಯೂಟರಿಗೆ ಕೇಳಕ್ಕೆ ಬರಲ್ಲ."

ಮರುದಿನ ತಮ್ಮ ಕಂಪ್ಯೂಟರನ್ನೇ ಗೋಣಿಚೀಲದಲ್ಲಿ ಸುತ್ತಿ ಸಾಗರದ ಬಸ್ಸಿಗೆ ಹತ್ತಿಸಿದರು.

"ಎಂತದ್ರೀ ಇದು?" ಕಂಡಕ್ಟರ್ ಕೇಳಿದ.

"ಲಗ್ನಪತ್ರಿಕೆ."

ಆತ ಲಗೇಜು ಟಿಕೆಟ್ ಹರಿದುಕೊಟ್ಟ. "ಕಾಗದದಲ್ಲಿ ಬರ್ದು ಕೊಡ್ಬಾರದಿತ್ತಾ?" ಎಂದು ಅಕ್ಕ ಹಣೆ ಚಚ್ಚಿಕೊಂಡರೆ, "ಒಂದ್ಸಲ ಬರ್ದಾಗಿದೆಯಲ್ಲ ಮಾರಾಯ್ತಿ!" ಎಂಬ ಉತ್ತರ.

ಅಮ್ಮನಿಗೆ ಕಾಯಿಲೆಯಾದಾಗ ಪಕ್ಕದಲ್ಲಿ ಕೂತು, ಅವಳು ಮದುವೆಗಳಲ್ಲಿ ಹೇಳುತ್ತಿದ್ದ ಹಸೆ ಹಾಡುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದೇ ನುಡಿ ಟೈಪ್ ಮಾಡಿಕೊಂಡವರೂ ಇದೇ ಭಾವ. ಅಮ್ಮ ಹೋದ ಮೇಲೆ ಆ ಹಾಡುಗಳು ಬೇರೆಲ್ಲೂ ಉಳಿಯಲಿಲ್ಲ. ಅಕ್ಕ ಕೇಳಿದಾಗ ಭಾವ ನಂಬರು ಒತ್ತುತ್ತಿದ್ದರು, ಡ್ರೈವು ಕರಕರ ಎನ್ನುತ್ತಿತ್ತು, ಹಾಡು ಬರುತ್ತಿತ್ತು.

ಉಪ್ಪಿನ ಕಾಫಿ ಕುಡಿದ ಮರುದಿನ ಬೆಳಿಗ್ಗೆ ಭಾವ ಏಳಲಿಲ್ಲ.

ಈಗ ಪ್ರತಿ ಭಾನುವಾರ ನಾನು ಹೊಸನಗರದಿಂದ ಬರುತ್ತೇನೆ. ಅಕ್ಕನೂ ನಾನೂ ತೋಚಿದ ನಂಬರು ಒತ್ತುತ್ತೇವೆ. ಒಂದು ಹೋಳಿನಲ್ಲಿ ಒಂದೆರಡು ನುಡಿ ಬರುತ್ತದೆ. ಮುಂದಿನದು ಪಕ್ಕದಲ್ಲೇ ಇರಬೇಡವೇ? ಇಲ್ಲ! ಖಾಲಿ ಕಂಡಲ್ಲಿ ಇಟ್ಟಿದ್ದಾರೆ ಪುಣ್ಯಾತ್ಮರು. ಸಿಕ್ಕ ತುಂಡನ್ನು ಅಕ್ಕ ಹಾಡಿ ನೋಡುತ್ತಾಳೆ.

"ಇದು ಅದ್ರ ಮುಂದಿಂದಲ್ಲ ಕಣೆ, ರಾಗ ಕೂರಲ್ಲ."

"ನೀನೇ ರಾಗ ತಪ್ಪಿದ್ರೆ?"

"ನಾನಾ? ಅಮ್ಮನ್ ಹಾಡಿನಲ್ಲಾ?"

ಹೀಗೆ ಜಗಳವಾಡುತ್ತಲೇ ಹಲವು ಹಾಡು ಜೋಡಿಸಿದೆವು. ಹೆಣ್ಣನ್ನು ಹಸೆಗೆ ಕರೆಯುವ ಹಾಡು ಮಾತ್ರ ನಡುವೆ ನಿಂತಿದೆ. ನಿಂತ ನುಡಿಯ ಕೆಳಗೆ ಭಾವನದೇ ಒಂದು ಸಾಲು: "ಅತ್ತೆಗೆ ಕೆಮ್ಮು ಬಂತು. ನೀರು ಕೊಟ್ಟೆ. ಉಳಿದದ್ದು ನಾಳೆ."

ಅಕ್ಕ ಪರದೆಯ ಮೇಲಿನ ಆ ಸಾಲಿಗೆ ಬೆರಳಿಟ್ಟಳು. "ಮಾರನೇ ದಿನ ಅಮ್ಮ ಪೂರ್ತಿ ಹೇಳಿದ್ಳು. ಇವ್ರು ಬರ್ಕೊಂಡಿದ್ದು ನಾನೇ ನೋಡಿದೀನಿ" ಎಂದಳು.

ಉಳಿದದ್ದು ಇನ್ನೂ ಸಿಕ್ಕಿಲ್ಲ.