ಫೌಜದಾರ ಕರೆಯಲು ಬಂದ ಪಂಚಮಿ

ನನ್ನನ್ನು ಮದುವೆಯಾಗುವ ಮೊದಲೇ ನಮ್ಮವರಿಗೆ ಸಂಸಾರವಿತ್ತು! ಒಂದಲ್ಲ, ಮೂರು ಜೀವದ ಸಂಸಾರ. ಮೂರೂ ಜೀವಕ್ಕೆ ನಾಲ್ಕು ನಾಲ್ಕು ಕಾಲಿದ್ದುದರಿಂದ, ಹೆಣ್ಣು ಕೊಡುವಾಗ ನಮ್ಮ ಕಡೆಯವರು ಯಾರೂ ವಿಚಾರಿಸಲಿಲ್ಲ. ವಿಚಾರಿಸಬೇಕಿತ್ತು!

ಅವರ ಹೆಸರು ಮಾತ್ರ ಕೇಳಬೇಡಿ. ನಮ್ಮ ಕಾಲದಲ್ಲಿ ಗಂಡನ ಹೆಸರನ್ನು ಒಡಪು ಕಟ್ಟಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹೇಳುತ್ತಿದ್ದೆವೇ ಹೊರತು ಹೀಗೆ ಫೋನಿನಲ್ಲಿ ಬೆರಳಿಂದ ಒತ್ತುತ್ತಿರಲಿಲ್ಲ. ನಾಯಿಗಳ ಹೆಸರು ಹೇಳಲು ಯಾವ ಅಡ್ಡಿಯೂ ಇಲ್ಲ. ದೊಡ್ಡವನು ಫೌಜದಾರ. ಕರೀ ಮೈ, ಒಂದು ಕಿವಿ ಅರ್ಧ ಹರಿದದ್ದು. ಎರಡನೆಯವನು ಮಾಸ್ತರ. ನೀವು ಎಷ್ಟೇ ಚೆನ್ನಾಗಿ ಕೆಲಸ ಮಾಡಿ, ಲೆಕ್ಕ ತಪ್ಪಿದೆ ಎನ್ನುವ ಹಾಗೆ ನೋಡುತ್ತಿದ್ದ. ಮೂರನೆಯವಳು ಗಂಗವ್ವ, ಆ ಮನೆಯಲ್ಲಿ ನನಗಿಂತ ಹಿರಿಯ ಸೊಸೆ. ಈ ಫೋನಿನಲ್ಲಿ 'ನಾಯಿ' ಎಂದು ಒತ್ತಿದರೆ ಸಾಕು, ತಾನೇ ಒಂದು ನಾಯಿಯ ಮುಖ ತೆಗೆದು ತೋರಿಸುತ್ತದೆ. ಛೇ, ಅದೇನು ನಾಯಿ! ಸಾಬೂನು ಹಚ್ಚಿ ತೊಳೆದ ಹಾಗಿದೆ. ನಮ್ಮ ಫೌಜದಾರನನ್ನು ಕಂಡಿದ್ದರೆ ಈ ಫೋನು ಹೆದರಿ ತಾನಾಗಿ ಆರಿಹೋಗುತ್ತಿತ್ತು.

ಇನ್ನು ಮನೆಯ ಮಾತು. ಆಗೆಲ್ಲ ರಸ್ತೆ ಮಾಡುವ ರೋಲರ್ ಹಿಂದೆ ಗಾಲಿಯ ಮೇಲೊಂದು ಪುಟ್ಟ ತಗಡಿನ ಕೋಣೆ ಬರುತ್ತಿತ್ತು, ನೆನಪಿದೆಯೇ? ರೋಲರ್ ನಡೆಸುವವನು ಅದರಲ್ಲೇ ಅಡಿಗೆ ಮಾಡಿ ಅದರಲ್ಲೇ ಮಲಗುವುದು. ಅಂಥದ್ದೊಂದು ಮುದಿಯಾಗಿ ಹರಾಜಿಗೆ ಬಂದಿತ್ತು. ಎಮ್ಮೆ ತರಲೆಂದು ಹೋದ ನಮ್ಮವರು ಅದನ್ನು ಎತ್ತಿಗೆ ಕಟ್ಟಿ ಎಳೆಸಿಕೊಂಡು ತಮ್ಮೂರು ತಿಕೋಂಡಿಗೆ ಬಂದರು. ಅದು ನನ್ನ ಮದುವೆಗೆ ಮುಂಚಿನ ವರ್ಷ. ಊರಿಗೆ ಊರೇ ಬಾಗಿಲಿಗೆ ಬಂದು ನಿಂತಿತ್ತಂತೆ.

"ಎಮ್ಮಿ ತರತೀನಂತ ಹೋಗಿ ತಗಡಿನ ಡಬ್ಬಿ ತಂದೀಯಲ್ಲೋ!" ಎಂದು ನಮ್ಮತ್ತೆ ಹಣೆ ಬಡಿದುಕೊಂಡರು.

"ಎಮ್ಮಿ ಮಳಿಯಾಗ ಆಸರ ಕೊಡತಾವೇನ್ ಎವ್ವಾ?"

"ಹಾಲು ಕೊಡತಾವಲ್ಲೋ ಮೂಳಾ!"

ನಮ್ಮವರ ವಾದದಲ್ಲೂ ಒಂದಿಷ್ಟು ಹುರುಳಿತ್ತೆನ್ನಿ. ನಮ್ಮದು ಕುರಿಯ ಮನೆತನ. ವರ್ಷದಲ್ಲಿ ಎಂಟು ತಿಂಗಳು ಹಿಂಡಿನ ಹಿಂದೆ ಊರೂರು ಅಲೆದು, ಯಾರದೋ ಹೊಲದಲ್ಲಿ ಕುರಿ ಕೂಡಿಸಿ, ಕಂಬಳಿ ಹೊದ್ದು ನೆಲಕ್ಕೆ ಮಲಗುವ ಬದುಕು. ಮನೆಯೇ ಹಿಂಡಿನ ಹಿಂದೆ ಬಂದರೆ ತಪ್ಪೇನು? ಊರಿನ ಕಮ್ಮಾರ ದಸ್ತಗೀರ ಚಾಚಾ ಅದರ ತೂತುಗಳಿಗೆ ತೇಪೆ ಹಾಕಿ, ನೊಗ ಕಟ್ಟಲು ಉದ್ದನೆಯ ತೊಲೆ ಕೂಡಿಸಿಕೊಟ್ಟು, ದೂರ ನಿಂತು ನೋಡಿ, "ಎಂಜಿನ್ ಒಂದ ಇಲ್ಲ ನೋಡಪಾ. ಉಳಿದದ್ದೆಲ್ಲಾ ರೈಲೇ!" ಎಂದನಂತೆ.

ಮದುವೆಯಾದ ತಿಂಗಳಿಗೆ ನಾನು ಆ ರೈಲು ಹತ್ತಿದೆ. ಒಳಗೆ ಒಂದು ಹಲಗೆಯ ಮಂಚ, ಒಂದು ಅಂಗೈಯಗಲದ ಕಿಟಕಿ, ಒಂದು ಮೂಲೆಯಲ್ಲಿ ಒಲೆ. ಮಂಚದ ಮೇಲೆ ಆಗಲೇ ಮೂವರು ಅಡ್ಡಾಗಿದ್ದರು.

"ಇವಕ್ಕ ಇಳಿ ಅನ್ರಿ" ಎಂದೆ.

"ನೀನ ಹೇಳು. ಪರಿಚಯ ಆಗಲಿ."

ನಾನು ಹೇಳಿದೆ. ಫೌಜದಾರ ಒಂದು ಕಣ್ಣು ತೆರೆದು ನನ್ನ ತಾಳಿ, ಬಳೆ, ಕಾಲುಂಗುರ ಎಲ್ಲ ತಪಾಸಣೆ ಮಾಡಿ ಮತ್ತೆ ಕಣ್ಣು ಮುಚ್ಚಿದ. ಮಾಸ್ತರ ನಿಟ್ಟುಸಿರು ಬಿಟ್ಟ. ಗಂಗವ್ವ ಮಾತ್ರ ಹೆಣ್ಣುಜೀವ ನೋಡಿ, ತುಸು ಸರಿದು ಒಂದು ಗೇಣು ಜಾಗ ಕೊಟ್ಟಳು. ಹೀಗೆ ನನ್ನ ಸಂಸಾರ ಒಂದು ಗೇಣಿನಿಂದ ಶುರುವಾಯಿತು!

ಗಾಡಿ ನಡೆಯುವಾಗಲೇ ನಾನು ಒಳಗೆ ಕುಳಿತು ಜೋಳದ ರೊಟ್ಟಿ ತಟ್ಟುತ್ತಿದ್ದೆ, ಇಳಿದ ಕೂಡಲೇ ಬೇಯಿಸಿದರಾಯಿತೆಂದು. ನನ್ನ ರೊಟ್ಟಿ ನೋಡಿ ನಾವು ಯಾವ ಹಾದಿಯಲ್ಲಿ ಬಂದೆವೆಂದು ಯಾರಾದರೂ ಹೇಳಬಹುದಿತ್ತು. ಡಾಂಬರು ರಸ್ತೆಯಾದರೆ ಚಂದಪ್ಪನ ಹಾಗೆ ದುಂಡಗೆ. ಬಂಡಿಯ ಜಾಡಾದರೆ ಫೌಜದಾರನ ಕಿವಿಯ ಹಾಗೆ! ಮೊದಲ ಮೂರು ರೊಟ್ಟಿ ಆ ಮೂವರಿಗೆ. ನಾಲ್ಕನೆಯದು ಇವರಿಗೆ. ಒಮ್ಮೆ ಮೊದಲನೆಯದನ್ನು ಇವರ ತಟ್ಟೆಗೆ ಹಾಕಿದ್ದಕ್ಕೆ, "ಏ, ಸರದಿ ಮುರಿಬ್ಯಾಡ. ಮಾಸ್ತರ ನೋಡಾಕತ್ತಾನ" ಎಂದು ಎತ್ತಿ ಕೊಟ್ಟುಬಿಟ್ಟರು.

ಇಷ್ಟು ಮೆರೆಸಿದ ಶೂರರ ಪರಾಕ್ರಮವನ್ನೂ ನೋಡಿದ್ದೇನೆ. ಒಂದು ಸಂಜೆ ಹಿಂಡಿನ ಹತ್ತಿರ ತೋಳ ಬಂತು. ಇವರು ಬಡಿಗೆ ಹಿಡಿದು ಕೂಗುತ್ತ ಓಡಿದರು. ನಾನೂ ಒಲೆಯ ಕೊಳ್ಳಿ ಹಿಡಿದು ಹಿಂದೆ ಓಡಿದೆ. ತೋಳ ಹೋಯಿತು. ನಾಯಿಗಳೆಲ್ಲಿ? ಬಂದು ನೋಡಿದರೆ ಮೂವರೂ ಗಾಡಿಯೊಳಗೆ ಮಂಚದ ಕೆಳಗೆ ಒಬ್ಬರ ಮೇಲೊಬ್ಬರು ಬಿದ್ದು ನಡುಗುತ್ತಿದ್ದಾರೆ.

"ಇವ ಏನ್ರಿ ನಿಮ್ಮ ಕಾವಲುಗಾರರು?"

ಇವರು ಒಂದಿಷ್ಟೂ ನಾಚಲಿಲ್ಲ. "ಮನಿ ಕಾಯಾಕ ಯಾರರ ಬೇಕಲ್ಲ? ನಾವಿಬ್ಬರೂ ಹೊರಗ ಹೋದ್ರ!"

ಹೀಗೆ ನಗುತ್ತ, ಬೈಯುತ್ತ ಶ್ರಾವಣ ಬಂತು. ಮಳೆಗಾಲಕ್ಕೆ ಹಿಂಡು ಊರಿಗೆ ತಿರುಗಿ, ಗಾಡಿ ನಮ್ಮ ಹೊಲದ ಬದುವಿನಲ್ಲಿ ನಿಂತಿತ್ತು. ನನ್ನ ನಗು ಮಾತ್ರ ನಿಂತುಹೋಯಿತು.

ಮದುವೆಯಾದ ಮೊದಲ ಪಂಚಮಿ. ಓಣಿಯ ಹೆಣ್ಣುಮಕ್ಕಳೆಲ್ಲ ತವರಿಗೆ ಹೊರಟಿದ್ದರು. ಅಣ್ಣನೋ ತಮ್ಮನೋ ಉಂಡಿಯ ಗಂಟು ಹಿಡಿದು ಕರೆಯಲು ಬರುವುದು, ಅತ್ತೆ ಅವನಿಗೆ ಉಣಿಸಿ ಸೊಸೆಯನ್ನು ಕಳಿಸುವುದು, ಇದು ಪದ್ಧತಿ. ಕರೆಯಲು ಯಾರೂ ಬಾರದೆ ತವರಿಗೆ ಹೋಗುವಂತಿಲ್ಲ. ನನಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದ. ಚಿಕ್ಕಪ್ಪನ ಮಕ್ಕಳು ಹೊಲದ ಜಗಳದಲ್ಲಿ ಮಾತು ಬಿಟ್ಟಿದ್ದರು. ತವರೂರು ಕರಜಗಿಯ ಮನೆಯಲ್ಲಿ ಅವ್ವ ಒಬ್ಬಳೇ.

ಅತ್ತೆ ಕೆಟ್ಟವರಲ್ಲ. ಆದರೆ ಪದ್ಧತಿ ಎಂದರೆ ಅವರಿಗೆ ಪ್ರಾಣ. "ಕರಿಯಾಕ ಬಂದವರ ಕೂಡ ಕಳಸತೀನವಾ. ಯಾರೂ ಬರಲಿಲ್ಲಂದ್ರ ನಾ ಹೆಂಗ ಕಳಸಲಿ? ನಾಳೆ ಮಂದಿ ನಿನಗ ಅಂತಾರ, ಕರಿಯಲಾರದ ಹೋದಾಕಿ ಅಂತ."

ನಾನು ಗಾಡಿಯೊಳಗೆ ಹೋಗಿ ಗಂಗವ್ವನ ಕುತ್ತಿಗೆ ಹಿಡಿದು ಅತ್ತುಬಿಟ್ಟೆ. ಇವರು ಕಿಟಕಿಯಿಂದ ನೋಡಿದರು. ಮರುದಿನ ಮುಂಜಾನೆ ಇವರೂ ಇಲ್ಲ, ಫೌಜದಾರನೂ ಇಲ್ಲ!

ಬಂದದ್ದು ಮೂರನೆಯ ದಿನ. ಅತ್ತೆ ಅಂಗಳದಲ್ಲಿ ಕಾಳು ಕೇರುತ್ತಿದ್ದರು. ಮುಂದೆ ಫೌಜದಾರ. ಅವನ ತಲೆಗೆ ಹಳದಿ ರುಮಾಲು, ಹಣೆಗೆ ಕುಂಕುಮ, ಕೊರಳಲ್ಲಿ ಉಂಡಿಯ ಗಂಟು. ಹಿಂದೆ ಇವರು, ಬೀಗರ ಮನೆಯ ಆಳಿನ ಹಾಗೆ ಕೈ ಕಟ್ಟಿಕೊಂಡು.

"ಏನೋ ಇದು ವೇಷಾ?" ಎಂದು ಅತ್ತೆ ಮೊರ ಕೆಳಗಿಟ್ಟರು.

"ಕರಜಗಿಯಿಂದ ಕರಿಯಾಕ ಬಂದಾನ ಎವ್ವಾ. ಕಾಲಿಗೆ ನೀರು ಕೊಡು."

"ನಾಯಿಗೆ?"

"ಬೀಗಗ."

"ಇಂವ ಯಾವಾಗ ಬೀಗ ಆದ?"

"ಮೊನ್ನೆ. ನಮ್ಮತ್ತಿ ಆರತಿ ಮಾಡಿ, ರುಮಾಲ ಸುತ್ತಿ, ಮಗಾ ಅಂತ ಕರದ ಕಳಿಸ್ಯಾರ. ಬೇಕಾರ ಉಂಡಿ ನೋಡು. ಹಾದ್ಯಾಗ ಒಂದೂ ಮುಟ್ಟಿಲ್ಲ ಅಂವ. ಮನಷ್ಯಾ ಆಗಿದ್ರ ಎರಡರ ತಿಂದಿರತಿದ್ದ!"

ಅತ್ತೆ ಗಂಟು ಬಿಚ್ಚಿದರು. ಎಳ್ಳಿನ ಉಂಡಿ, ಶೇಂಗಾ ಉಂಡಿ, ಜೊತೆಗೊಂದು ಖಣದ ಬಟ್ಟೆ. ಅಂಗಳದ ಆಚೆ ಮಂದಿ ಕೂಡಿ ನಗುತ್ತಿದ್ದರು. ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದೆ. ಈಗ ಅತ್ತೆ ನಕ್ಕರೆ ಗೆದ್ದೆ, ಬೈದರೆ ಸತ್ತೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಉಂಡಿಗಳನ್ನು ಬಹಳ ಹೊತ್ತು ನೋಡಿದರು. ಒಬ್ಬಂಟಿ ಹೆಂಗಸು ಎಷ್ಟು ದಿನ ಕೂತು ಕಟ್ಟಿರಬೇಕೆಂದು ಎಣಿಸಿದರೋ ಏನೋ! ಆಮೇಲೆ ಎದ್ದು ಒಂದು ತಂಬಿಗೆ ನೀರು ತಂದು ಫೌಜದಾರನ ಮುಂದಿನ ಎರಡು ಕಾಲಿಗೆ ಹಾಕಿದರು.

"ಹಿಂದಿನ ಕಾಲು?" ಎಂದರು ಇವರು.

"ಬೀಗರಿಗೆ ಎರಡ ಕಾಲಿಗೆ ನೀರು ಕೊಡೂ ಪದ್ಧತಿ! ಬಂದವರನ ಬರಿ ಹೊಟ್ಟಿಲೆ ಕಳಸೂ ಮನಿತನ ಅಲ್ಲ ನಮ್ದು. ತಾಟು ಹಾಕವಾ" ಎಂದು ನನಗೆ ಹೇಳಿದರು. ನಮ್ಮ ಬೀಗ ಆರು ಹೋಳಿಗೆ ಉಂಡು, ಕೈ ತೊಳೆಯದೆ, ಜಗಲಿಯ ಮೇಲೆ ಮಲಗಿಬಿಟ್ಟ.

ಪಂಚಮಿಗೆ ಇನ್ನೆರಡು ದಿನವಿತ್ತು. ಕರಜಗಿ ಎತ್ತಿನ ಗಾಡಿಗೆ ಒಂದು ದಿನದ ಹಾದಿ. ನಡೆದು ಹೋಗೋಣವೆಂದರೆ ಇವರು ಕೇಳಲಿಲ್ಲ. "ಮೊದಲ ಪಂಚಮಿ. ಮನಿ ಸಮೇತ ಹೋಗೂಣು!" ಎಂದರು. ಆ ತಗಡಿನ ಅರಮನೆ ಆಮೆಗೂ ನಾಚಿಕೆಯಾಗುವಂತೆ ನಡೆಯಿತು. ಮೊದಲ ದಿನ ಕೆಸರಿನಲ್ಲಿ ಎರಡು ಸಲ ಹೂತಿತು. ಎರಡನೆಯ ದಿನ ಸಂಜೆಗೆ ಬಾಲಗಾಂವದ ಹೊರಗೆ ಒಂದು ಹೊಲದಲ್ಲಿ ಇಳಿದೆವು. ಚಿಂತೆಯಿಲ್ಲ, ಮುಂಜಾನೆ ಬಿಟ್ಟರೆ ನಾಗಪ್ಪನಿಗೆ ಹಾಲೆರೆಯುವ ಹೊತ್ತಿಗೆ ಅವ್ವನ ಬಾಗಿಲಲ್ಲಿರುತ್ತೇನೆ.

ಮುಂಜಾನೆ ಎದ್ದು ನೋಡುತ್ತೇನೆ, ಮಂಚದ ಕೆಳಗೆ ಕುಂಯ್ ಕುಂಯ್! ಗಂಗವ್ವ ಹಡೆದಿದ್ದಾಳೆ. ನಾಲ್ಕು ಮರಿ. ಅವಳ ಹೊಟ್ಟೆ ದೊಡ್ಡದಾದದ್ದು ನನ್ನ ರೊಟ್ಟಿಯ ಗುಣವೆಂದು ಇಷ್ಟು ದಿನ ಹೆಮ್ಮೆಪಟ್ಟಿದ್ದೆ!

ಇವರು ಎತ್ತು ಬಿಚ್ಚಿಬಿಟ್ಟರು.

"ಇವತ್ತ ಪಂಚಮಿ ರೀ!"

"ಹೌದು. ಚಲೋ ದಿನಾನ ಹಡದಾಳ."

"ನಮ್ಮವ್ವ ಬಾಗಲದಾಗ ಕುಂತಿರತಾಳ!"

"ಈ ಹಾದ್ಯಾಗ ಗಾಡಿ ಕುಣದ್ರ ಮರಿ ಉಳಿಯೂದಿಲ್ಲ. ಹಸಿ ಬಾಣಂತಿ ಅದಾಳ." ಅಷ್ಟು ಹೇಳಿ ಒಂದು ಕ್ಷಣ ನೆಲ ನೋಡಿದರು. "ನೀ ಹೋಗು. ನಾ ಬಾಣಂತನ ಮಾಡಿ ಬರತೀನಿ."

"ಒಬ್ಬಾಕಿನ?"

"ಒಬ್ಬಾಕಿ ಯಾಕ? ಕರಿಯಾಕ ಬಂದಂವ ಅದಾನಲ್ಲ!"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಂಡತಿಯ ಮೊದಲ ಪಂಚಮಿಗಿಂತ ನಾಯಿಯ ಬಾಣಂತನ ಹೆಚ್ಚಾಯಿತೇ? ಸೀರೆ ಎತ್ತಿ ಸಿಕ್ಕಿಸಿ, ಹಿಂದೆ ತಿರುಗಿ ನೋಡದೆ ಹೊರಟೆ. ಫೌಜದಾರ ಮುಂದೆ. ಒಮ್ಮೆ ನಡೆದ ಹಾದಿ ಅವನಿಗೆ ಬಾಯಿಪಾಠ. ನಾನು ಹಿಂದೆ ಬಿದ್ದರೆ ನಿಲ್ಲುತ್ತಿದ್ದ, ಹಳ್ಳ ಬಂದರೆ ತಾನು ಮೊದಲು ಇಳಿದು ಆಳ ನೋಡುತ್ತಿದ್ದ. ತೋಳಕ್ಕೆ ಹೆದರಿದ ಆ ಪುಕ್ಕಲ, ಅಂದು ಹಾದಿಯಲ್ಲಿ ಎದುರಾದ ಹೋರಿಯೊಂದನ್ನು ಬೊಗಳಿ ಬೊಗಳಿ ಬದಿಗೆ ಸರಿಸಿದ!

ಅವ್ವ ನಿಜವಾಗಿಯೂ ಬಾಗಿಲಲ್ಲೇ ಇದ್ದಳು. ಬಾವಿಯಿಂದ ಬರುತ್ತಿದ್ದ ಹೆಂಗಸೊಬ್ಬಳು ಕೊಡ ಸೊಂಟಕ್ಕಿಟ್ಟು, "ಯಾರ ಜೋಡಿ ಬಂದೆವಾ?" ಎಂದು ಬೇಕೆಂದೇ ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಅವ್ವ ಹೇಳಿದಳು, "ನನ್ನ ಮಗ ಕರಕೊಂಡು ಬಂದಾನ. ಕಾಣವಲ್ದೇನ?"

ಅಂದು ಹುತ್ತಕ್ಕೆ ಹಾಲೆರೆಯುವಾಗ ಎಲ್ಲರ ಹಾಗೆ ನಾನೂ ಅಪ್ಪನ ಪಾಲು, ಅವ್ವನ ಪಾಲು ಎಂದು ಹೇಳಿ ನಿಂತೆ. ಪ್ರತಿ ವರ್ಷ ಅಲ್ಲಿಗೇ ನಿಲ್ಲುತ್ತಿದ್ದೆ. ಅವ್ವ ಮೊಳಕೈಯಿಂದ ತಿವಿದಳು. "ಅಣ್ಣನ ಪಾಲು" ಎಂದು ಎರೆದೆ. ಅಣ್ಣ ಹಿಂದಿನಿಂದ ಬಂದು ಬಟ್ಟಲಲ್ಲಿ ಉಳಿದದ್ದನ್ನು ನೆಕ್ಕಿ ಮುಗಿಸಿದ.

ನಮ್ಮವರು ಬಂದದ್ದು ಐದನೆಯ ದಿನ. ತಗಡು ಬಡಿದುಕೊಳ್ಳುವ ಸದ್ದಿಗೆ ಕರಜಗಿಯ ಕೋಳಿಗಳೆಲ್ಲ ಮಾಳಿಗೆ ಏರಿದವು. ಇವರು ಇಳಿದವರೇ ಅವ್ವನಿಗೆ ಕೈ ಮುಗಿದು, "ತಡಾ ಆತ್ರಿ ಅತ್ತಿ. ಆದ್ರ ನಾಕು ಮೊಮ್ಮಕ್ಕಳನ ಕರಕೊಂಡು ಬಂದೀನಿ!" ಎಂದರು. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಓಣಿಯವರೆಲ್ಲ ನನ್ನ ಮುಖ ನೋಡಿದರು! ನಾನು ಎಲ್ಲಿ ಹೋಗಿ ಬಚ್ಚಿಟ್ಟುಕೊಳ್ಳಲಿ?

ಅಲ್ಲಿಂದ ಪ್ರತಿ ಪಂಚಮಿಗೆ ನನಗೆ ಕರೆ ತಪ್ಪಲಿಲ್ಲ. ಫೌಜದಾರನಿಗೆ ವಯಸ್ಸಾದ ಮೇಲೆ ಗಂಗವ್ವನ ಮಗ ಬಂದ. ಅತ್ತೆ ಒಂದು ವರ್ಷವೂ ಊಟ ಹಾಕದೆ ಕಳಿಸಲಿಲ್ಲ.

ಎಪ್ಪತ್ತನೆಯ ಇಸವಿಯ ಆಚೀಚೆ, ಒಂದು ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಕರಜಗಿಯ ಮನೆಗೆ ಕೀಲಿ ಬಿತ್ತು. ಮತ್ತೆ ಶ್ರಾವಣ ಬಂತು. ಎರಡು ಮಕ್ಕಳ ತಾಯಿ, ಕೀಲಿ ಹಾಕಿದ ಮನೆಗೆ ಯಾರು ಕರೆಯುತ್ತಾರೆ, ಯಾಕೆ ಕರೆಯುತ್ತಾರೆ? ಓಣಿಯಲ್ಲಿ ಬೇರೆಯವರ ಅಣ್ಣಂದಿರು ಬಂದು ಹೋಗುವುದು ಕಾಣಬಾರದೆಂದು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತ ಕುಳಿತಿದ್ದೆ.

ಇವರು ಬಂದು ಎದುರಿಗೆ ನಿಂತರು.

"ಏಳು. ಕರಿಯಾಕ ಬಂದೀನಿ."

"ಎಲ್ಲಿಗ್ರಿ?"

ಹೊಲದ ಬದುವಿಗೆ ಕರೆದುಕೊಂಡು ಹೋದರು. ಗಾಡಿಯನ್ನು ಒಳಗೂ ಹೊರಗೂ ತೊಳೆದಿದ್ದರು. ಮಂಚದ ಮೇಲೆ ಒಂದು ನಾಯಿಯೂ ಇರಲಿಲ್ಲ! ಪೂರ್ತಿ ಮಂಚ ನನಗೆ. ಪಕ್ಕದ ಬೇವಿನ ಮರಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿದ್ದರು. ನಾನು ಕುಳಿತೆ, ಅವರು ಹಿಂದಿನಿಂದ ತೂಗಿದರು. ಜೋಕಾಲಿ ಹೋದ ಕಡೆಗೆಲ್ಲ ಮರಿನಾಯಿಗಳು ಬೊಗಳುತ್ತ ಓಡಿದವು, ತಿರುಗಿ ಬಂದಾಗ ತಿರುಗಿ ಓಡಿ ಬಂದವು. ನಗಬೇಕೆಂದುಕೊಂಡೆ. ಬಂದದ್ದು ಕಣ್ಣೀರು. ಸೆರಗಿಗೆ ಕೈ ಹಾಕೋಣವೆಂದರೆ ಎರಡೂ ಕೈ ಹಗ್ಗದಲ್ಲಿ.

ಅವರಿಗೆ ಹಿಂದಿನಿಂದಲೇ ಹೇಗೆ ತಿಳಿಯಿತೋ!

"ಮ್ಯಾಲ ಹೋದಾಗ ಅತ್ತಬಿಡು" ಎಂದರು. "ಕೆಳಗ ಬರೂದ್ರಾಗ ಗಾಳಿಗೆ ಒಣಗತೈತಿ."

ಅಂದು ಬಹಳ ಹೊತ್ತು ಜೀಕಿದೆ.