ಕಸಬರಗಿ ಡಬ್ಬಿ ಮತ್ತು ನಾಲ್ಕು ಲಗ್ನಪತ್ರಿಕೆ

"ವೈನಿ, ಇನ್ನ ನಿಮ್ಮ ಕಂಪ್ಯೂಟರಿಗೆ ಜಾಗಾದ ಚಿಂತಿ ಇಲ್ಲ ನೋಡ್ರಿ!" ಎನ್ನುತ್ತ ನನ್ನ ಮೈದುನ ಅಂದಾನಪ್ಪ ಪ್ರೆಸ್ಸಿನ ಮೇಜಿನ ಮೇಲೆ ತಗಡಿನ ಡಬ್ಬಿಯೊಂದನ್ನು ಇಟ್ಟ. ಅದಕ್ಕೊಂದು ಸ್ಪೀಕರು, ಒಂದು ವೈರು. ಹೆಸರು ಕಸಬರಗಿ, ಅಂದರೆ ಕಂಪ್ಯೂಟರಿನ ಕಸ ಗುಡಿಸುವ ಪೊರಕೆ.

ಗದಗಿನಲ್ಲಿ ನಮ್ಮದು ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್ಸು. ಅಲ್ಲಿಯ ಲಿನಕ್ಸ್ ಕಂಪ್ಯೂಟರ್ ಕೂಡಿಸಿಕೊಟ್ಟವನೂ ಇವನೇ. ಹದಿನೆಂಟು ವರ್ಷದ ಪತ್ರಿಕೆಗಳು ತುಂಬಿ, ಅಂದು ಬೆಳಿಗ್ಗೆ ಅದು 'ಡಿಸ್ಕಿನಲ್ಲಿ ಜಾಗವಿಲ್ಲ' ಎಂದು ಮುಷ್ಕರ ಹೂಡಿತ್ತು. ನನ್ನ ಮಗಳು ಸುವರ್ಣಳ ಪತ್ರಿಕೆ ಅಂದೇ ಮುದ್ರಣವಾಗಬೇಕಿತ್ತು. ಬೀಗರು ನಿಂಗನಗೌಡರು ಮೊದಲೇ ಮೂಗು ಮುರಿದಿದ್ದರು: "ನಿಮ್ಮ ಕಡೆ ಮಂದಿ ಭಾಳ ಕಡಿಮಿ. ಮಂಟಪ ಭಣಭಣ ಅಂದ್ರ ನಮ್ಮ ಮಾನ ಹೋಗತೈತಿ!" ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು.

ವೈರು ಸಿಕ್ಕಿಸಿದೊಡನೆ ಡಬ್ಬಿ ಬಾಯಿಬಿಟ್ಟಿತು. "ಕಸದ ಬುಟ್ಟಿ ಖಾಲಿ ಮಾಡಿದೆ. ಹಳೆಯ ಲಾಗ್ ಫೈಲು ಅಳಿಸಿದೆ. ಎರಡು ಪರ್ಸೆಂಟ್ ಜಾಗ ಸಿಕ್ಕಿತು."

"ಬರೇ ಎರಡ? ಇಷ್ಟಕ್ಕ ಇಷ್ಟು ಮೆರೀತಿಯೇನೋ?"

"ತಡೀರಿ ವೈನಿ, ಅದು ಈಗ ಕೆಲಸಕ್ಕ ಇಳದೈತಿ!"

ಐದು ನಿಮಿಷ ಗುಂಯ್‌ಗುಟ್ಟಿ ಡಬ್ಬಿ ಘೋಷಿಸಿತು: "ತೊಂಬತ್ತೇಳು ಪರ್ಸೆಂಟ್ ಖಾಲಿ!" ಅಂದಾನಪ್ಪ ಕುಣಿದೇ ಬಿಟ್ಟ. ನಾನೂ ಖುಷಿಯಿಂದ ಅವನಿಗೆ ಚಹಾ ಮಾಡಿಕೊಟ್ಟೆ. ಅದು ಹೇಗಪ್ಪಾ ಎಂದು ಕೇಳಬೇಕಿತ್ತು, ಕೇಳಲಿಲ್ಲ.

ಸುವರ್ಣಳ ಮುಹೂರ್ತದ ದಿನವೇ ಊರಿನಲ್ಲಿ ಇನ್ನೂ ಮೂರು ಮದುವೆ, ಅವುಗಳ ಪತ್ರಿಕೆಯೂ ನಮ್ಮಲ್ಲೇ. ನಾಲ್ಕನ್ನೂ ಮುದ್ರಿಸಿ, ಅವರವರ ಹೆಸರಿನ ಕವರಿಗೆ ತುಂಬಿ ಕಳಿಸಿದೆ. ಪತ್ರಿಕೆಯನ್ನು ಪ್ರೆಸ್ಸಿನವರು ಓದುವುದಿಲ್ಲ. ಮನೆಯವರು ಕವರು ಬಿಚ್ಚದೆ ಅದರ ಮೂಲೆಗೆ ಅರಿಶಿನ ಹಚ್ಚಿ ಹಂಚುತ್ತಾರೆ. ಕರೆಸಿಕೊಂಡವರು ನೋಡುವುದು ಮಂಟಪ ಯಾವುದು, ಊಟ ಎಷ್ಟಕ್ಕೆ, ಅಷ್ಟೇ.

ಮದುವೆಯ ದಿನ ಒಂಬತ್ತಕ್ಕೆಲ್ಲ ನಮ್ಮ ಮಂಟಪ ಭರ್ತಿ. ಹತ್ತಕ್ಕೆ ನಿಲ್ಲಲೂ ಜಾಗವಿಲ್ಲ!

"ಇವರೆಲ್ಲಾ ನಿಮ್ಮ ಮಂದೀನ?" ನಿಂಗನಗೌಡರ ಕಣ್ಣು ಹಣೆಗೇರಿತ್ತು.

"ಹೌದ್ರಿ. ಹತ್ತಿರದವರನ್ನಷ್ಟ ಕರದೇವಿ" ಎಂದೆ. ಒಬ್ಬರ ಗುರುತೂ ನನಗಿರಲಿಲ್ಲ, ಆದರೆ ಹೊಟ್ಟೆ ತಣ್ಣಗಾಯಿತು.

ಅಷ್ಟರಲ್ಲಿ ಬಾಸಿಂಗ ಕಟ್ಟಿಕೊಂಡ ಮೂರು ಜೋಡಿ ಒಳಗೆ ನುಗ್ಗಿದವು. ಹಿಂದೆ ಅವರ ತಂದೆ-ತಾಯಿ. "ಲಲಿತವ್ವಾ! ನಮ್ಮ ಮಂಟಪದಾಗ ಬ್ಯಾಂಡಿನವರ ಬಿಟ್ರ ಒಂದು ನರಪಿಳ್ಳೆ ಇಲ್ಲ! ಏನಿದು?" ಎಂದು ಒಬ್ಬಾಕೆ ಪತ್ರಿಕೆಯನ್ನು ನನ್ನ ಮುಖಕ್ಕೆ ಹಿಡಿದಳು. ಕವರಿನ ಮೇಲೆ ಅವರ ಹೆಸರು, ಒಳಗಿದ್ದದ್ದು ಸುವರ್ಣಳ ಹೆಸರು, ನಮ್ಮ ಮಂಟಪದ ವಿಳಾಸ!

ಅಂದಾನಪ್ಪನ ಕಿವಿ ಹಿಂಡಿದೆ. ಅವನು ಚೀಲದಿಂದ ಡಬ್ಬಿ ತೆಗೆದು ವಿಚಾರಿಸಿದ. ಅದು ತಣ್ಣಗೆ ಹೇಳಿತು: "ಹತ್ತೊಂಬತ್ತು ಸಾವಿರ ಪತ್ರಿಕೆ. ಹೆಸರು, ವಿಳಾಸ ಬಿಟ್ಟರೆ ಎಲ್ಲವೂ ಒಂದೇ. ಆದ್ದರಿಂದ ಸುವರ್ಣಳದೊಂದನ್ನು ಉಳಿಸಿ, ಮಿಕ್ಕ ಫೈಲುಗಳನ್ನೆಲ್ಲ ಅದಕ್ಕೇ ಗಂಟು ಹಾಕಿದೆ. ಯಾವುದನ್ನು ತೆರೆದರೂ ಅದೇ ತೆರೆಯುತ್ತದೆ."

ಊಟಕ್ಕೆಂದು ಬಂದ ಜನ ಅಲುಗಾಡಲು ಒಪ್ಪಲಿಲ್ಲ. ಕೊನೆಗೆ ಮೂರೂ ಮಂಟಪದ ಅಡುಗೆ ಇಲ್ಲಿಗೇ ಬಂತು, ನಾಲ್ಕು ಜೋಡಿ ಒಂದೇ ವೇದಿಕೆ ಹತ್ತಿದವು. ಬಾಸಿಂಗದ ಮರೆಯಲ್ಲಿ ಯಾರು ಯಾರವರೆಂದು ತಿಳಿಯದೆ ನಿಂಗನಗೌಡರು ನಾಲ್ಕೂ ಜೋಡಿಗೆ ಅಕ್ಷತೆ ಹಾಕಿದರು.

"ಮೂರು ಕಲ್ಯಾಣ ಮಂಟಪ ಖಾಲಿ. ಕೆಲಸ ಯಶಸ್ವಿ!" ಎಂದಿತು ಡಬ್ಬಿ.

ನಮ್ಮ ಡಿಸ್ಕು ಇಂದಿಗೂ ತೊಂಬತ್ತೇಳು ಪರ್ಸೆಂಟ್ ಖಾಲಿಯೇ ಇದೆ. ಅಂದಿನಿಂದ ನಮ್ಮಲ್ಲಿ ಪತ್ರಿಕೆ ಮಾಡಿಸಲು ಯಾರೂ ಬಂದಿಲ್ಲ.