ಆರನೆಯ ಗೂಟದ ಕೊಕ್ಕರೆ

ಚಿಕ್ಕೋಡಿಯಲ್ಲಿ ಮೂವತ್ತೊಂದು ವರ್ಷ ಗ್ರಂಥಪಾಲಕನಾಗಿದ್ದವನು ನಾನು. ಒಂದು ಕೊಕ್ಕರೆ ಕೆತ್ತಲಾರೆನೆ? ಖಂಡಿತ ಕೆತ್ತಬಲ್ಲೆ ಎಂದು ಸಂಕ್ರಾಂತಿಯ ಮರುದಿನ ಘೋಷಿಸಿಯೇಬಿಟ್ಟೆ!

ಹೆಂಡತಿ ಮಂಗಲ ಅವರೆಕಾಯಿ ಬಿಡಿಸುತ್ತಿದ್ದಳು. "ಮೊದಲ ಒಂದು ಪೆನ್ಸಿಲ್ ನೆಟ್ಟಗ ಹೆರದ ತೋರಸ್ರಿ" ಎಂದಳು.

ಕೊಕ್ಕರೆಯ ಅಗತ್ಯ ಬಂದದ್ದು ಹೀಗೆ. ಕರೋಶಿಯ ಮಲಕಾರಿ ನನ್ನ ಗೆಳೆಯ. ಕುರಿ ಕಾಯುತ್ತ, ಯಾರಿಂದಲೂ ಕಲಿಯದೆ, ಬಿದ್ದ ಮರದ ಬೇರು ಕೊಂಬೆಗಳಲ್ಲಿ ಹಕ್ಕಿ, ಎಲೆಗಳನ್ನು ಕಂಡು ಕೆತ್ತುತ್ತಿದ್ದವನು. ಅವನ ಬೇವಿನೆಲೆ ಆಕಾರದ ಸೌಟು, ಅಣಬೆ ಆಕಾರದ ಮಣೆ ನಮ್ಮ ಮನೆಯಲ್ಲಿ ದಿನವೂ ಬಳಕೆಯಲ್ಲಿವೆ. ಕಡೆಗೆ ನಮ್ಮ ಪಡಸಾಲೆಗೆ ಬಟ್ಟೆ ನೇತುಹಾಕುವ ಆರು ಹಕ್ಕಿಗೂಟಗಳ ಹಲಗೆ ಮಾಡಿಕೊಡಲು ಒಪ್ಪಿದ. ಗಿಳಿ, ಗೊರವಂಕ, ಕಾಗೆ, ಪಾರಿವಾಳ, ಮರಕುಟಿಗ ಬಂದವು. ಕೊಕ್ಕರೆ ಬರುವ ಮೊದಲೇ, ಶ್ರಾವಣದಲ್ಲಿ, ಅವನು ತೀರಿಹೋದ. ಹಲಗೆಯಲ್ಲಿ ಆರನೆಯ ತೂತು ಹಾಗೇ ಉಳಿಯಿತು. ಐದು ತಿಂಗಳು ಆ ಕಡೆ ನೋಡದೆ ಓಡಾಡಿದೆ.

ಈಗ ಅವನ ಹೆಂಡತಿ ಹೊಳೆವ್ವ ಫೋನು ಮಾಡಿದ್ದರು. "ಅವರ ಕಡೀ ಕೆಲಸ ನೋಡಬೇಕ್ರಿ ಅಣ್ಣಾರ. ಬರೂ ತಿಂಗಳ ಬರ್ತೀನಿ." ಗಂಡ ಹೋದ ಮೇಲೆ ಅವರು ಊರು ದಾಟಿರಲಿಲ್ಲ. ಮೊದಲ ಸಲ ಬಂದವರ ಕಣ್ಣಿಗೆ ಆ ತೂತು ಬೀಳಬಾರದು. ಅಷ್ಟೇ ನನ್ನ ಹಟ.

ನಿಪ್ಪಾಣಿಯಿಂದ ಉಳಿ ತಂದೆ. ಮಲಕಾರಿ ಕೆತ್ತುತ್ತಿದ್ದದ್ದು ಜಾಲಿಯಲ್ಲಿ. ನಾನು ಜಾಲಿಗೆ ಎರಡು ಏಟು ಹಾಕಿದೆ. ಜಾಲಿ ನನಗೆ ಒಂದು ಹಾಕಿತು. ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡು ಹಿತ್ತಲಿಗೆ ಹೋಗಿ ನುಗ್ಗೆಯ ಕೊಂಬೆ ಕಡಿದೆ. ಸೌತೆಕಾಯಿಯಷ್ಟು ಮೆತ್ತಗಿತ್ತು.

"ನುಗ್ಗಿ ಕಟಿಗಿ ಒಲಿಗೂ ಆಗೂದಿಲ್ರಿ."

"ಇದು ಒಲಿಗಲ್ಲ, ಕಲೆಗೆ."

ನಾಲ್ಕು ದಿನದ ತಪಸ್ಸಿನ ನಂತರ ಕೊಕ್ಕರೆ ಅವತರಿಸಿತು. ಮಂಗಲ ತಿರುಗಿಸಿ ನೋಡಿದಳು. "ಬೆಂಡಿಕಾಯಿ ಚೊಲೊ ಬಂದೈತಿ."

"ಅದು ಕೊಕ್ಕರಿ."

"ಹಂಗಾರ ಬಾಳ ದಿನದಿಂದ ಮೀನ ಸಿಕ್ಕಿಲ್ಲ ಇದಕ್ಕ."

ಮೈಮೇಲಿನ ತೊಗಟೆಯನ್ನು ಹಾಗೇ ಬಿಟ್ಟೆ. ಪ್ರಕೃತಿಸಹಜವಾಗಿರಲಿ ಎಂಬುದು ಸಿದ್ಧಾಂತ. ಬೆರಳು ನೋಯುತ್ತಿತ್ತು ಎಂಬುದು ವಾಸ್ತವ. ಮಲಕಾರಿ ಕಟ್ಟಿಗೆಯನ್ನು ಎರಡು ವರ್ಷ ಒಣಗಿಸುತ್ತಿದ್ದ. ನನಗೆಲ್ಲಿಯ ವ್ಯವಧಾನ? ತೂತಿಗೆ ಬಡಿದು ಕೂರಿಸಿ, ಪರೀಕ್ಷೆಗೆಂದು ದಿನವೂ ಸ್ನಾನದ ಒದ್ದೆ ಟವೆಲನ್ನು ಅದಕ್ಕೇ ಹಾಕಿದೆ. ಭಾರ ತಡೆಯಿತು. ಬೀಗಿದೆ.

ಮೂರನೆಯ ವಾರ ಮಂಗಲ ಕರೆದಳು. "ರೀ, ನಿಮ್ಮ ಕೊಕ್ಕರಿಗೆ ರೆಕ್ಕಿ ಬಂದಾವ."

ಎರಡೂ ಪಕ್ಕೆಗೆ ಎಳೆ ಹಸಿರು ಚಿಗುರು! ಚಿವುಟಿದೆ. ಎರಡಿದ್ದದ್ದು ನಾಲ್ಕಾಯಿತು. ಮತ್ತೆ ಚಿವುಟಿದೆ. ತಲೆಯ ಮೇಲೂ ಜುಟ್ಟು ಬಂತು. ಹೊಳೆವ್ವ ಬರುವ ದಿನ ಬೆಳಿಗ್ಗೆ ಅದನ್ನು ಕಿತ್ತೇಬಿಡೋಣವೆಂದು ಜಗ್ಗಿದೆ. ನೀರು ಕುಡಿದು ಉಬ್ಬಿದ ಗೂಟ ತೂತಿನಲ್ಲಿ ಕಚ್ಚಿಕೊಂಡಿತ್ತು. ಕೊಕ್ಕರೆ ಬರಲಿಲ್ಲ, ಮಲಕಾರಿಯ ಇಡೀ ಹಲಗೆಯೇ ಮೊಳೆ ಸಡಿಲಿಸಿಕೊಂಡು ಗೋಡೆ ಬಿಡತೊಡಗಿತು. ಅದನ್ನು ಎರಡೂ ಕೈಯಿಂದ ಗೋಡೆಗೆ ಒತ್ತಿ ಹಿಡಿದು ನಿಂತಿರುವಾಗಲೇ ಹೊಳೆವ್ವ ಒಳಗೆ ಬಂದರು.

ಒಂದೊಂದೇ ಹಕ್ಕಿಯ ಬೆನ್ನು ಸವರಿದರು. ಮರಕುಟಿಗನ ಮೇಲೆ ಕೈ ಬಹಳ ಹೊತ್ತು ನಿಂತಿತು. ಕಣ್ಣು ತುಂಬಿಬಂತು. ಆಮೇಲೆ ಆರನೆಯದು.

"ಇದು ಅವರದಲ್ಲ."

"ಅಲ್ಲ ವೈನಿ, ನಂದು. ತೂತ ನೋಡಿ ನಿಮಗ ಸಂಕಟ ಆದೀತಂತ..."

"ನುಗ್ಗಿ?"

"ಹೂಂ."

"ಹಸೀದು?"

"ಹೂಂ."

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಮಂಗಲಳೂ ಸೇರಿಕೊಂಡಳು. ಹಲಗೆ ಹಿಡಿದ ನಾನು ಕಣ್ಣೊರೆಸಿಕೊಳ್ಳುವಂತೆಯೂ ಇರಲಿಲ್ಲ. ಇಷ್ಟು ತಿಂಗಳು ಅವರಿಗೆ ಹೇಳಲೊಂದು ಸಾಂತ್ವನದ ಮಾತನ್ನು ಪುಸ್ತಕಗಳಲ್ಲಿ ಹುಡುಕಿ ಸೋತಿದ್ದೆ. ಮಲಕಾರಿ ಬಿಟ್ಟ ತೂತು ಆ ಕೆಲಸ ಮಾಡಿತ್ತು. ಕೆಲಸ ಅರ್ಧಕ್ಕೆ ಬಿಟ್ಟು ಹೋದನೆಂದು ಬೈದುಕೊಂಡಿದ್ದ ಗೆಳೆಯನಿಗೆ ಆ ಗಳಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹೊಳೆವ್ವ ಕೊಕ್ಕರೆಯ ರೆಕ್ಕೆ, ಜುಟ್ಟು ಎಲ್ಲ ಚಿವುಟಿ ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಇಷ್ಟರಾಗ ಒಬ್ಬರ ಪಲ್ಯಾನೂ ಆಗೂದಿಲ್ಲ ಅಣ್ಣಾರ," ಎಂದರು. "ಇನ್ನೊಂದ ನಾಕ್ ಕೊಕ್ಕರಿ ಕೆತ್ರಿ."